ಕೆಲಸ ಹೋದವರ ಮನೆಗೆ ಮೊದಲು ಹೋಗುವವರು ಯಾರು?



ನಮ್ಮ ಗೋಗಿ, ಶಹಾಪುರ, ಸುರಪುರದ ಕಡೆ ಒಂದು ಮನೆಯಲ್ಲಿ ಸಾವಾದರೆ ಏನು ಮಾಡಬೇಕೆಂದು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಓಣಿಯವರು ಬಂದು ಕೂಡುತ್ತಾರೆ. ನೆಂಟರು ರೊಟ್ಟಿಯ ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಮಾತು ಬಾರದವರು ಸುಮ್ಮನೆ ಗೋಡೆಗೆ ಒರಗಿ ಕುಳಿತು ಹೋಗುತ್ತಾರೆ. ಅಷ್ಟರಿಂದಲೇ ಆ ಮನೆಗೆ ಒಂದು ಆಧಾರ ಸಿಗುತ್ತದೆ.

ಆದರೆ ಒಂದು ಮನೆಯ ದುಡಿಯುವ ವ್ಯಕ್ತಿಯ ಕೆಲಸ ಹೋದರೆ? ಆ ಮನೆಗೆ ಯಾರೂ ಹೋಗುವುದಿಲ್ಲ. ಹೋಗಬಾರದೆಂಬ ಕೆಟ್ಟ ಮನಸ್ಸು ಯಾರಿಗೂ ಇಲ್ಲ. ಹೋಗಿ ಏನು ಹೇಳುವುದೆಂದು ತಿಳಿಯದು, ಅಷ್ಟೇ. ದಾರಿಯಲ್ಲಿ ಸಿಕ್ಕರೆ ‘ಯಾಕ್ರಿ, ಈಗ ಊರಾಗೇ ಅದೀರೇನು? ಡ್ಯೂಟಿಗಿ ಹೋಗಿಲ್ಲೇನು?’ ಎಂದು ಕೇಳುತ್ತೇವೆ. ಕೇಳುವವರಿಗೆ ಅದು ಕುಶಲೋಪರಿ. ಕೇಳಿಸಿಕೊಳ್ಳುವವನಿಗೆ ಮುಳ್ಳು. ಒಂದೆರಡು ಸಲ ಹೀಗಾದ ಮೇಲೆ ಆತ ಆ ದಾರಿಯನ್ನೇ ಬಿಡುತ್ತಾನೆ. ಮತ್ತೆ ಒಂದೆರಡು ವಾರಗಳಲ್ಲಿ ಭಾನುವಾರದ ಬಲಿಪೂಜೆಯನ್ನೂ ಬಿಡುತ್ತಾನೆ. ಈ ವಾರ ನಾವು ಚಿಂತಿಸಬೇಕಾದದ್ದು ಆ ಮನುಷ್ಯನನ್ನು ಕುರಿತು, ಆತನ ಮನೆಯವರನ್ನು ಕುರಿತು.

ಪುನರ್ರಚನೆ ಎಂಬ ಮಾತು

ಕಂಪನಿಗಳು ಈ ಸಂಗತಿಗೆ ಮೃದುವಾದ ಹೆಸರುಗಳನ್ನು ಇಟ್ಟಿವೆ. ಪುನರ್ರಚನೆ, ಪುನಶ್ಚೇತನ, ಸ್ವಯಂ ನಿವೃತ್ತಿ. ಹೆಸರು ಯಾವುದಾದರೂ ಇರಲಿ, ಕೊನೆಗೆ ಒಬ್ಬ ಮನುಷ್ಯ ಒಂದು ಕಾಗದ ಹಿಡಿದುಕೊಂಡು ಮನೆಗೆ ಬರುತ್ತಾನೆ.

ದೂರದ ಉದಾಹರಣೆ ಬೇಡ. ಬಿ.ಎಸ್.ಎನ್.ಎಲ್. ಎಂದರೆ ನಮ್ಮ ತಾಲೂಕು ಕೇಂದ್ರಗಳಲ್ಲೆಲ್ಲ ಗೊತ್ತಿದ್ದ ಹೆಸರು. ಟೆಲಿಫೋನ್ ಎಕ್ಸ್‌ಚೇಂಜಿನವರು, ಲೈನ್‌ಮನ್‌ಗಳು ನಮ್ಮ ನಡುವೆಯೇ ಇದ್ದವರು. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆ ಸಂಸ್ಥೆಯ ಪುನಶ್ಚೇತನ ಯೋಜನೆಗೆ ಒಪ್ಪಿಗೆ ನೀಡಿತು. 50 ವರ್ಷ ದಾಟಿದವರಿಗೆ ಸ್ವಯಂ ನಿವೃತ್ತಿಯ ಅವಕಾಶ ಕೊಡಲಾಯಿತು. ಸಲ್ಲಿಸಿದ ಪ್ರತಿ ವರ್ಷದ ಸೇವೆಗೆ 35 ದಿನಗಳ ವೇತನ, ಉಳಿದಿದ್ದ ಪ್ರತಿ ವರ್ಷಕ್ಕೆ 25 ದಿನಗಳ ವೇತನ ಎಂಬ ಲೆಕ್ಕದಲ್ಲಿ ಪರಿಹಾರ ನಿಗದಿಯಾಯಿತು. ದೇಶದಾದ್ಯಂತ 78,569 ಮಂದಿ ಅದನ್ನು ಒಪ್ಪಿದರು. 2020ರ ಜನವರಿ 31ರಂದು, ಒಂದೇ ದಿನ, ಸಂಸ್ಥೆಯ ಸುಮಾರು ಅರ್ಧದಷ್ಟು ನೌಕರರು ಕಚೇರಿಯಿಂದ ಹೊರಬಂದರು. ಎರಡು ತಿಂಗಳು ತುಂಬುವ ಮೊದಲೇ ಕೊರೊನಾ ಲಾಕ್‌ಡೌನ್ ಬಂದಿತು.

ಇವರಿಗೆ ಪರಿಹಾರವಾದರೂ ಇತ್ತು, ಪಿಂಚಣಿಯೂ ಇತ್ತು. ಅದೇ ಸಂಸ್ಥೆಯಲ್ಲಿ ಗುತ್ತಿಗೆದಾರರ ಕೈಕೆಳಗೆ ದುಡಿಯುತ್ತಿದ್ದವರ ಸಂಬಳ 2019ರಲ್ಲಿ ತಿಂಗಳುಗಟ್ಟಲೆ ಬಾಕಿ ಉಳಿದಿತ್ತು. ಅವರಲ್ಲಿ ಅನೇಕರಿಗೆ ಕೆಲಸವೂ ಉಳಿಯಲಿಲ್ಲ.

ಇದಕ್ಕೂ ಮೊದಲು ಕೋಲಾರದ ಚಿನ್ನದ ಗಣಿಗಳ ಕಥೆ ನಮಗೆ ಗೊತ್ತಿದೆ. ನೂರು ವರ್ಷಗಳಿಗೂ ಹೆಚ್ಚು ಕಾಲ, ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ಜನ ದುಡಿದ ಗಣಿ ಅದು. ಅಲ್ಲಿ ನಮ್ಮ ಧರ್ಮಸಭೆಯ ಕುಟುಂಬಗಳೂ ಬಹಳ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಗಣಿಯ ಮಕ್ಕಳು ನಸುಕಿನಲ್ಲೇ ಎದ್ದು ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮನೆ ಸೇರುವುದು ಅಲ್ಲಿನ ದಿನಚರಿಯಾಯಿತು. 2016ರ ಜನವರಿಯಲ್ಲಿ ಎಚ್.ಎಂ.ಟಿ. ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ ತೀರ್ಮಾನಿಸಿತು. ನಮ್ಮ ಕಲಬುರಗಿಯಲ್ಲಿ ಎಂ.ಎಸ್.ಕೆ. ಮಿಲ್ ಎಂಬುದು ಇಂದು ಒಂದು ಬಡಾವಣೆಯ ಹೆಸರಾಗಿ ಉಳಿದಿದೆ, ಮಿಲ್ಲು ಇಲ್ಲ. ಸೇಡಂ ತಾಲೂಕಿನ ಕುರಕುಂಟಾದ ಸರ್ಕಾರಿ ಸಿಮೆಂಟ್ ಕಾರ್ಖಾನೆಯೂ ಎಂದೋ ನಿಂತುಹೋಯಿತು. ಬೆಂಗಳೂರಿನ ಗಾರ್ಮೆಂಟ್ಸ್‌ಗೆ, ಕಟ್ಟಡದ ಕೆಲಸಕ್ಕೆ ಗುಳೆ ಹೋಗುವ ನಮ್ಮ ಊರುಗಳ ಮಕ್ಕಳಿಗಂತೂ ಕಾಗದವೂ ಸಿಗುವುದಿಲ್ಲ. ‘ನಾಳೆಯಿಂದ ಬರಬೇಡ’ ಎಂಬ ಒಂದು ಮಾತು ಸಾಕು.

ಶುಭಸಂದೇಶದಲ್ಲಿ ಕೆಲಸ ಕಳೆದುಕೊಂಡ ಒಬ್ಬ

ಸಂತ ಲೂಕರ ಶುಭಸಂದೇಶದ 16ನೇ ಅಧ್ಯಾಯದಲ್ಲಿ ಪ್ರಭು ಯೇಸು ಒಬ್ಬ ಮೇಲ್ವಿಚಾರಕನ ಸಾಮತಿಯನ್ನು ಹೇಳುತ್ತಾರೆ. ಲೆಕ್ಕ ಒಪ್ಪಿಸು, ಇನ್ನು ನಿನಗೆ ಕೆಲಸವಿಲ್ಲ ಎಂದು ಯಜಮಾನ ಹೇಳಿಬಿಟ್ಟಿದ್ದಾನೆ. ಆ ಮೇಲ್ವಿಚಾರಕ ತಪ್ಪು ಮಾಡಿದವನು ನಿಜ. ಆದರೆ ಆ ಗಳಿಗೆಯಲ್ಲಿ ಆತ ತನ್ನೊಳಗೆ ಆಡಿಕೊಂಡ ಮಾತನ್ನು ಗಮನಿಸಿರಿ. ಅಗೆಯಲು ಮೈಯಲ್ಲಿ ಶಕ್ತಿಯಿಲ್ಲ, ಬೇಡಲು ಮನಸ್ಸಿಗೆ ನಾಚಿಕೆ. ತಪ್ಪು ಮಾಡದೆ ಕೆಲಸ ಕಳೆದುಕೊಂಡ ಐವತ್ತು ವರ್ಷದ ಯಾವ ಮನುಷ್ಯನನ್ನು ಬೇಕಾದರೂ ಕೇಳಿ, ಆತನ ಎದೆಯಲ್ಲಿರುವುದೂ ಇವೆರಡೇ. ಹೊಸ ಕೆಲಸ ಕಲಿಯಲು ವಯಸ್ಸು ಮೀರಿತು ಎಂಬ ಭಯ ಒಂದು. ನಾಲ್ಕು ಜನರ ಮುಂದೆ ಕೈಚಾಚುವುದು ಹೇಗೆ ಎಂಬ ನಾಚಿಕೆ ಇನ್ನೊಂದು.

ಭಯಕ್ಕೆ ಹಣದ ದಾರಿ, ಕೆಲಸದ ದಾರಿ ಹುಡುಕಬಹುದು. ನಾಚಿಕೆಗೆ ಮದ್ದು ಬೇರೆ. ಅದು ನಮ್ಮ ಕೈಯಲ್ಲಿದೆ, ನೆರೆಹೊರೆಯವರ ಕೈಯಲ್ಲಿದೆ. ಸಾಮತಿಯ ಮೇಲ್ವಿಚಾರಕ ತನ್ನನ್ನು ಒಳಗೆ ಕರೆಯುವ ನಾಲ್ಕು ಮನೆಗಳನ್ನು ಸುಳ್ಳು ಲೆಕ್ಕ ಬರೆಸಿ ಸಂಪಾದಿಸಿಕೊಳ್ಳಬೇಕಾಯಿತು. ಪ್ರಭು ಮೆಚ್ಚಿದ್ದು ಆತನ ಮೋಸವನ್ನಲ್ಲ, ಮುಂದಾಲೋಚನೆಯನ್ನು. ಆದರೆ ನಮ್ಮನ್ನು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ನಮ್ಮ ಧರ್ಮಕೇಂದ್ರದಲ್ಲಿ ಕೆಲಸ ಕಳೆದುಕೊಂಡವನಿಗೆ ಬಾಗಿಲು ತೆರೆಯುವ ಮನೆಗಳು ಎಷ್ಟಿವೆ? ಆ ಬಾಗಿಲು ತೆರೆಯಲು ಆತ ಏನಾದರೂ ಕೊಡಬೇಕೇ?

ನಾಚಿಕೆಯ ಬೇರು ಎಲ್ಲಿದೆಯೆಂದರೆ, ಮನುಷ್ಯನನ್ನು ನಾವು ಆತನ ಕೆಲಸದಿಂದಲೇ ಗುರುತಿಸುತ್ತೇವೆ. ಹೆಣ್ಣು ಕೊಡುವಾಗ ಹುದ್ದೆ ಕೇಳುತ್ತೇವೆ. ಹಬ್ಬದ ಕಾಣಿಕೆ ಪಟ್ಟಿಯಲ್ಲಿ ಹುದ್ದೆ ನೋಡಿ ಹೆಸರು ಮೇಲೆ ಕೆಳಗೆ ಮಾಡುತ್ತೇವೆ. 1981ರ ಸೆಪ್ಟೆಂಬರ್ 14ರಂದು ಜಗದ್ಗುರು ಎರಡನೇ ಜಾನ್ ಪಾಲರು ಮಾನವ ದುಡಿಮೆಯನ್ನು ಕುರಿತು ಬರೆದ ವಿಶ್ವಪತ್ರದ ತಿರುಳೇ ಇದು: ಕೆಲಸ ಇರುವುದು ಮನುಷ್ಯನಿಗಾಗಿ, ಕೆಲಸಕ್ಕೆ ಬೆಲೆ ಬರುವುದು ಅದನ್ನು ಮಾಡುವವನು ಮನುಷ್ಯನಾಗಿರುವುದರಿಂದ. ಕೆಲಸ ಹೋದ ಮಾತ್ರಕ್ಕೆ ಮನುಷ್ಯನ ಬೆಲೆ ಹೋಗಲಾರದು. ನಮ್ಮ ಗೋಗಿಯ ದರ್ಗಾದ ಆವರಣದಲ್ಲಿ ವಿಜಯಪುರದ ಮೊದಲ ಆದಿಲಶಾಹಿ ಸುಲ್ತಾನರು ಮಲಗಿದ್ದಾರೆ. ರಾಜ್ಯ ಕಟ್ಟಿದ ಯೂಸುಫ್ ಆದಿಲ್ ಶಾಹನ ಸಮಾಧಿಯೂ ಅಲ್ಲಿಯೇ. ಸುಲ್ತಾನನ ಪದವಿಯೂ ಗೋರಿಯ ಬಾಗಿಲಲ್ಲಿ ಉಳಿಯುತ್ತದೆ. ದೇವರು ಕರೆಯುವುದು ಹುದ್ದೆಯನ್ನಲ್ಲ, ಹೆಸರು ಹಿಡಿದು ಮನುಷ್ಯನನ್ನು.

ಮೊದಲು ರೊಟ್ಟಿ, ಆಮೇಲೆ ಮಾತು

ಪ್ರವಾದಿ ಎಲೀಯ ಸೋತು ಓಡಿಹೋಗಿ, ಜಾಲಿಗಿಡದ ಕೆಳಗೆ ಕುಳಿತು, ನನ್ನ ಜೀವ ತೆಗೆದುಕೋ ಎಂದು ದೇವರನ್ನು ಬೇಡಿಕೊಂಡ. ಆಗ ದೇವದೂತ ಉಪದೇಶ ಮಾಡಲಿಲ್ಲ. ‘ಧೈರ್ಯ ತಂದುಕೋ’ ಎಂದು ಭಾಷಣ ಬಿಗಿಯಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಇಟ್ಟ. ಎಲೀಯ ತಿಂದು ಮತ್ತೆ ಮಲಗಿದ. ದೂತ ಬೈಯಲಿಲ್ಲ, ಮತ್ತೆ ಎಬ್ಬಿಸಿ ಮತ್ತೆ ಉಣ್ಣಿಸಿದ. ದೇವರು ಆತನೊಡನೆ ಮಾತನಾಡಿದ್ದು, ಮುಂದಿನ ಕೆಲಸ ಒಪ್ಪಿಸಿದ್ದು ಆಮೇಲೆ.

ಕೆಲಸ ಹೋದವರಿಗೆ ನೆರವಾಗುವ ಕ್ರಮವೂ ಇದೇ. ಮೊದಲ ವಾರ ಸಲಹೆಗಳ ಮಳೆ ಸುರಿಸಬೇಡಿ. ‘ಎಲ್ಲಾ ದೇವರ ಚಿತ್ತ’ ಎಂದೂ ಅವಸರದಲ್ಲಿ ಹೇಳಬೇಡಿ. ಕಾರ್ಖಾನೆ ಮುಚ್ಚುವ ಕಾಗದಕ್ಕೆ ಸಹಿ ಹಾಕಿದವರು ಮನುಷ್ಯರು. ಆ ಸಹಿಯ ಕೆಳಗೆ ದೇವರ ಹೆಸರು ಬರೆಯುವ ಅಧಿಕಾರ ನಮಗಿಲ್ಲ. ದೇವರ ಚಿತ್ತ ಏನೆಂದರೆ, ಈ ಮನೆಯವರು ಉಪವಾಸ ಬೀಳಬಾರದು, ಒಂಟಿಯಾಗಬಾರದು ಎಂಬುದು. ಆ ಚಿತ್ತವನ್ನು ನೆರವೇರಿಸಬೇಕಾದವರು ನಾವು.

ಆದುದರಿಂದ ಹೋಗಿರಿ. ಸಂಜೆಯ ಹೊತ್ತು ಒಂದು ಅರ್ಧ ಗಂಟೆ ಕುಳಿತು ಬನ್ನಿರಿ. ಆತ ಮಾತಾಡಿದರೆ ಕೇಳಿರಿ. ಸುಮ್ಮನಿದ್ದರೆ ನೀವೂ ಸುಮ್ಮನಿರಿ. ಮಕ್ಕಳ ಶಾಲೆಯ ಫೀಸಿನ ದಿನ ಯಾವುದು, ಮನೆಬಾಡಿಗೆ ಎಷ್ಟು ಬಾಕಿ ಎಂಬುದನ್ನು ಆಪ್ತರೊಬ್ಬರು ಮೆಲ್ಲಗೆ ತಿಳಿದುಕೊಳ್ಳಲಿ. ನೆರವು ಕೊಡುವಾಗ ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂದು ಪ್ರಭು ಕಲಿಸಿದ್ದನ್ನು ಇಲ್ಲಿ ಅಕ್ಷರಶಃ ಪಾಲಿಸಬೇಕು.

ಮನೆಯ ಒಳಗೆ

ಕೆಲಸ ಕಳೆದುಕೊಂಡ ಸಹೋದರರೇ, ಸಹೋದರಿಯರೇ, ನಿಮಗೆ ನನ್ನ ಮೊದಲ ಮಾತು: ಮನೆಯಲ್ಲಿ ಮುಚ್ಚಿಡಬೇಡಿ. ಹೆಂಡತಿಗೆ ತಿಳಿಸದೆ, ಎಂದಿನಂತೆ ಬುತ್ತಿ ಕಟ್ಟಿಸಿಕೊಂಡು ಹೊರಟು, ಬಸ್ ನಿಲ್ದಾಣದಲ್ಲಿ ಹೊತ್ತು ಕಳೆದು ಸಂಜೆ ಮರಳುವವರಿದ್ದಾರೆ. ಇದು ಪ್ರೀತಿಯಿಂದಲೇ ಆಡುವ ಸುಳ್ಳು. ಆದರೆ ಅದು ಮನೆಯವರನ್ನು ಕಾಪಾಡುವುದಿಲ್ಲ. ಸಾಲ ಕೈಮೀರಿದ ಮೇಲೆ ಸತ್ಯ ಹೊರಬಿದ್ದರೆ ಹಣದ ಜೊತೆ ನಂಬಿಕೆಯೂ ಹೋಗುತ್ತದೆ. ಸುಖದಲ್ಲೂ ಕಷ್ಟದಲ್ಲೂ ಜೊತೆಗಿರುತ್ತೇವೆಂದು ಪೀಠದ ಮುಂದೆ ಕೊಟ್ಟ ಮಾತಿನ ಎರಡನೆಯ ಭಾಗ ಬಂದಿರುವುದು ಈಗ. ಮಕ್ಕಳಿಗೂ ಅವರ ವಯಸ್ಸಿಗೆ ತಕ್ಕಂತೆ ಹೇಳಿರಿ. ಮನೆಯಲ್ಲಿ ಏನೋ ಆಗಿದೆಯೆಂದು ಅವರಿಗೆ ಗೊತ್ತೇ ಇರುತ್ತದೆ. ಹೇಳದಿದ್ದರೆ ತಮ್ಮ ತಪ್ಪಿನಿಂದಲೇ ಅಪ್ಪ ಸಿಡುಕುತ್ತಾನೆಂದು ಭಾವಿಸುತ್ತಾರೆ.

ಮನೆಯವರೇ, ನಿಮಗೂ ಒಂದು ಮಾತು. ಅಡುಗೆಮನೆಯಲ್ಲಿ ಉಪ್ಪು ತೀರಿದಾಗ ಆಡುವ ಒಂದು ಕೊಂಕುಮಾತು ಹೊರಗಿನವರ ಹತ್ತು ಮಾತುಗಳಿಗಿಂತ ಆಳಕ್ಕೆ ಇರಿಯುತ್ತದೆ. ಬಂದ ಪರಿಹಾರದ ಹಣವನ್ನು ಬಂಧುಗಳು ಸಾಲ ಕೇಳಿದರೆಂದು, ಮಗಳ ಮದುವೆ ಅದ್ದೂರಿಯಾಗಲೆಂದು ಮೂರು ತಿಂಗಳಲ್ಲಿ ಕರಗಿಸಬೇಡಿ. ಆ ಗಂಟು ನಿಮ್ಮ ಮುಂದಿನ ವರ್ಷಗಳ ಅನ್ನ. ಇನ್ನು ರಾತ್ರಿ ನಿದ್ದೆಯಿಲ್ಲದೆ, ಊಟ ಬಿಟ್ಟು, ಬದುಕು ಸಾಕು ಎಂಬ ಮಾತು ಆಡುವವರಿದ್ದರೆ, ಜಪಸರ ಪ್ರಾರ್ಥನೆಯ ಜೊತೆಗೆ ವೈದ್ಯರ ಬಳಿಗೂ ತಡಮಾಡದೆ ಕರೆದುಕೊಂಡು ಹೋಗಿರಿ. ವೈದ್ಯರ ಬಳಿ ಹೋಗುವುದು ವಿಶ್ವಾಸದ ಕೊರತೆಯಲ್ಲ.

ಹಕ್ಕು ಕೇಳುವುದು ಪಾಪವಲ್ಲ

ನಮ್ಮ ಜನರಲ್ಲಿ ಒಂದು ತಪ್ಪು ಕಲ್ಪನೆ ಇದೆ: ಒಳ್ಳೆಯ ಕ್ರೈಸ್ತನು ಜಗಳಕ್ಕೆ ಹೋಗಬಾರದು, ಕೊಟ್ಟದ್ದನ್ನು ತೆಗೆದುಕೊಂಡು ಬರಬೇಕು ಎಂದು. ಪವಿತ್ರ ಗ್ರಂಥ ಹಾಗೆ ಹೇಳುವುದಿಲ್ಲ. ಕೂಲಿಯವನ ಕೂಲಿಯನ್ನು ಸೂರ್ಯ ಮುಳುಗುವುದರೊಳಗೆ ಕೊಡಬೇಕೆಂದು ಧರ್ಮೋಪದೇಶಕಾಂಡ ವಿಧಿಸುತ್ತದೆ. ತಡೆಹಿಡಿದ ಕೂಲಿ ತಾನೇ ದೇವರಿಗೆ ಮೊರೆಯಿಡುತ್ತದೆ ಎಂದು ಸಂತ ಯಕೋಬರ ಪತ್ರ ಎಚ್ಚರಿಸುತ್ತದೆ. 1891ರ ಮೇ 15ರಂದು ಜಗದ್ಗುರು ಹದಿಮೂರನೇ ಲಿಯೋ ತಮ್ಮ ವಿಶ್ವಪತ್ರದಲ್ಲಿ ಇನ್ನೂ ಸೂಕ್ಷ್ಮವಾದ ಸಂಗತಿಯನ್ನು ಎತ್ತಿದರು. ಬೇರೆ ದಾರಿಯಿಲ್ಲದೆ, ಇದಕ್ಕಿಂತ ಕೆಟ್ಟದ್ದು ಬಂದೀತೆಂಬ ಭಯದಿಂದ ಒಪ್ಪಿಕೊಂಡ ಕರಾರು ನಿಜವಾದ ಒಪ್ಪಿಗೆಯಲ್ಲ, ಅದು ಬಲಾತ್ಕಾರವೇ ಎಂದರು. ‘ಸ್ವಯಂ’ ನಿವೃತ್ತಿಯ ಕಾಗದ ಮುಂದಿಡುವವರು ಈ ಮಾತನ್ನು ನೆನೆಯಬೇಕು.

ಕಾನೂನೂ ಕೆಲವು ರಕ್ಷಣೆ ಕೊಟ್ಟಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಹೀಗಿದೆ: ಕನಿಷ್ಠ ಒಂದು ವರ್ಷ ನಿರಂತರವಾಗಿ ದುಡಿದ ಕಾರ್ಮಿಕನನ್ನು ಹೆಚ್ಚುವರಿ ಎಂದು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸು ಅಥವಾ ಆ ತಿಂಗಳ ವೇತನ ಕೊಡಬೇಕು. ಪೂರೈಸಿದ ಪ್ರತಿ ವರ್ಷದ ಸೇವೆಗೆ 15 ದಿನಗಳ ಸರಾಸರಿ ವೇತನ ಪರಿಹಾರವಾಗಿ ಸಲ್ಲಬೇಕು. ಬಾಕಿ ಸಂಬಳ ಎರಡು ಕೆಲಸದ ದಿನಗಳೊಳಗೆ ಕೈಸೇರಬೇಕು. ಇದಲ್ಲದೆ ಹೊಸ ಕೆಲಸ ಕಲಿಯಲೆಂದು 15 ದಿನಗಳ ವೇತನದಷ್ಟು ಹಣ 45 ದಿನಗಳೊಳಗೆ ಆತನ ಖಾತೆಗೆ ಬರಬೇಕು. ಸಾಮಾನ್ಯವಾಗಿ ಕೊನೆಗೆ ಸೇರಿದವನನ್ನು ಮೊದಲು ತೆಗೆಯಬೇಕು. ಮುನ್ನೂರು ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ, ಗಣಿಗಳು ಸರ್ಕಾರದ ಅನುಮತಿಯನ್ನು ಮೊದಲೇ ಪಡೆಯಬೇಕು. ಹಳೆಯ ಕಾನೂನಿನಲ್ಲಿ ಈ ಸಂಖ್ಯೆ ನೂರು ಇತ್ತು. ಐದು ವರ್ಷ ಪೂರೈಸಿದ ಕಾಯಂ ನೌಕರರಿಗೆ ಗ್ರಾಚ್ಯುಟಿ ಬೇರೆ, ಭವಿಷ್ಯನಿಧಿ ಬೇರೆ.

ಓದಲು ಬಾರದ ಕಾಗದಕ್ಕೆ ಸಹಿ ಹಾಕಬೇಡಿ. ನೇಮಕದ ಪತ್ರ, ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್ ಜೋಪಾನವಾಗಿಡಿ. ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಕೈಗಾರಿಕಾ ಕಾರ್ಮಿಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಕೇಳಬಹುದು. ಒಬ್ಬೊಬ್ಬರೇ ಹೋಗಬೇಡಿ, ಕೂಡಿ ಹೋಗಿರಿ. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಒಂದು ಗಾರ್ಮೆಂಟ್ಸ್ ಕಾರ್ಖಾನೆ ನಿಂತಾಗ ಅಲ್ಲಿ ದುಡಿಯುತ್ತಿದ್ದ ಸಾವಿರಕ್ಕೂ ಹೆಚ್ಚು ಮಂದಿ, ಬಹುಪಾಲು ಹೆಣ್ಣುಮಕ್ಕಳು, ವಾರಗಟ್ಟಲೆ ಕಾರ್ಖಾನೆಯ ಮುಂದೆ ಕೂಡಿ ಕುಳಿತರು. ಕೂಡಿ ಕುಳಿತಾಗ ನಾಚಿಕೆಯ ಭಾರ ಒಬ್ಬೊಬ್ಬರ ಹೆಗಲಿನಿಂದ ಇಳಿಯುತ್ತದೆ.

ಕಾಗದ ಕೊಡುವ ಕೈಗಳಿಗೆ

ನಮ್ಮ ಓದುಗರಲ್ಲಿ ಮೇಲಧಿಕಾರಿಗಳು, ಅಂಗಡಿಯ ಮಾಲೀಕರು, ಸಂಸ್ಥೆ ನಡೆಸುವವರು ಇದ್ದೀರಿ. ಯಾವ ಕೆಲಸವನ್ನೂ ಎಂದಿಗೂ ತೆಗೆಯಬಾರದೆಂದು ಧರ್ಮಸಭೆ ಹೇಳುವುದಿಲ್ಲ. ಅದಿರು ತೀರಿದ ಗಣಿಯನ್ನು, ಮೊಬೈಲ್ ಬಂದ ಮೇಲೆ ಕರೆ ಬಾರದ ತಂತಿಯನ್ನು ಹಾಗೆಯೇ ಇಟ್ಟುಕೊಳ್ಳುವುದು ಕಷ್ಟವೆಂದು ಎಲ್ಲರಿಗೂ ಗೊತ್ತು. ಪ್ರಶ್ನೆ ಬೇರೆ: ಆ ಭಾರ ಯಾರ ಮೇಲೆ ಬೀಳುತ್ತದೆ? ಸಂತ ಥಾಮಸ್ ಅಕ್ವಿನಾಸರು ಎರಡು ಬಗೆಯ ನ್ಯಾಯವನ್ನು ಬಿಡಿಸಿ ಹೇಳಿದ್ದಾರೆ. ಒಂದು ಕೊಡು-ಕೊಳ್ಳುವ ನ್ಯಾಯ, ಇನ್ನೊಂದು ಹಂಚಿಕೆಯ ನ್ಯಾಯ. ಗ್ರಾಚ್ಯುಟಿಯ ಲೆಕ್ಕ ಸರಿಯಾಗಿ ಕೊಟ್ಟರೆ ಮೊದಲನೆಯದು ಮುಗಿಯಿತು. ಆದರೆ ನಷ್ಟ ಬಂದಾಗ ಮೇಲಿನವರ ಸವಲತ್ತು ಒಂದಿಷ್ಟೂ ಕಡಿಮೆಯಾಗದೆ, ಕಸ ಗುಡಿಸುವ ಗುತ್ತಿಗೆಯಾಕೆ ಮೊದಲು ಮನೆಗೆ ಹೋದರೆ, ಎರಡನೆಯ ನ್ಯಾಯ ಸತ್ತಂತೆ. ನಾವು ಧರ್ಮಸಭೆಯವರು ನಡೆಸುವ ಶಾಲೆ, ಆಸ್ಪತ್ರೆಗಳಿಗೂ ಈ ಮಾತು ಸಲ್ಲುತ್ತದೆ.

ತೆಗೆಯಲೇಬೇಕಾದರೆ ಎದುರು ಕೂಡಿಸಿಕೊಂಡು ಹೇಳಿರಿ. ಗೇಟಿಗೆ ಪಟ್ಟಿ ಅಂಟಿಸಬೇಡಿ, ಫೋನಿಗೆ ಸಂದೇಶ ಕಳಿಸಬೇಡಿ. ಕಾರಣ ಹೇಳಿರಿ. ‘ನಿನ್ನ ಕೆಲಸ ಸರಿಯಿಲ್ಲ’ ಎಂದು ಇಲ್ಲದ ತಪ್ಪು ಹೊರಿಸಬೇಡಿ. ಬೇರೆಡೆ ಕೆಲಸ ಸಿಗುವಂತೆ ಒಂದು ಪತ್ರ ಬರೆದುಕೊಡಿ, ಒಂದು ಫೋನ್ ಮಾಡಿರಿ. ಉಳಿದ ನೌಕರರ ಮೇಲೆ ಇಬ್ಬರ ಕೆಲಸ ಹೇರಬೇಡಿ. ಉಳಿದುಕೊಂಡವರೇ, ನಿಮ್ಮ ಕೆಲಸ ಉಳಿದದ್ದು ಪಾಪವಲ್ಲ. ಆದರೆ ಹೋದ ಗೆಳೆಯನ ಫೋನ್ ಎತ್ತದಿರುವುದು ನಿಮಗೆ ಶೋಭಿಸದು.

ಐದು ಗಂಟೆಯ ಹೊತ್ತಿಗೂ ಹೊರಟವನು

ಸಂತ ಮತ್ತಾಯರ 20ನೇ ಅಧ್ಯಾಯದ ದ್ರಾಕ್ಷಿತೋಟದ ಯಜಮಾನ ಸಂಜೆ ಐದಕ್ಕೂ ಮತ್ತೊಮ್ಮೆ ಪೇಟೆಗೆ ಬಂದ. ಇನ್ನೂ ಕೆಲವರು ನಿಂತಿದ್ದರು. ನಾವಾದರೆ ಸೋಮಾರಿಗಳು ಎಂದು ಹಾದುಹೋಗುತ್ತಿದ್ದೆವು. ಆತ ಕಾರಣ ಕೇಳಿದ. ನಮ್ಮನ್ನು ಯಾರೂ ಕರೆಯಲಿಲ್ಲ ಎಂದರು. ಅವರು ಕೆಲಸಗಳ್ಳರಲ್ಲ, ಕರೆಯದವರು. ಆತ ಕರೆದ, ಒಂದು ಗಂಟೆಯ ದುಡಿಮೆಗೂ ಇಡೀ ದಿನದ ಕೂಲಿ ಕೊಟ್ಟ. ಏಕೆಂದರೆ ಅವರ ಮನೆಯ ಮಕ್ಕಳ ಹಸಿವು ಒಂದು ಗಂಟೆಯದಲ್ಲ, ಇಡೀ ದಿನದ್ದು.

ಈ ಯಜಮಾನನಿಂದ ನಮ್ಮ ಧರ್ಮಕೇಂದ್ರಗಳು ಕಲಿಯಬೇಕು. ಪ್ರತಿಯೊಂದು ಕಿರು ಕ್ರೈಸ್ತ ಸಮುದಾಯದಲ್ಲಿ ಇಬ್ಬರು, ಕೆಲಸ ಕಳೆದುಕೊಂಡವರ ಮನೆಗೆ ಮೊದಲ ವಾರದಲ್ಲೇ ಹೋಗುವ ಹೊಣೆ ಹೊರಲಿ. ವಿನ್ಸೆಂಟ್ ದೆ ಪೌಲ್ ಸಭೆಯಿರುವಲ್ಲಿ ಶಾಲಾ ಫೀಸಿಗೆಂದು ಒಂದು ಗುಟ್ಟಿನ ನಿಧಿ ಇರಲಿ. ಕಾಗದಪತ್ರ ಬಲ್ಲ ನಿವೃತ್ತರೊಬ್ಬರು ಭಾನುವಾರ ಪೂಜೆಯ ನಂತರ ಅರ್ಧ ಗಂಟೆ ಅರ್ಜಿ ಬರೆದುಕೊಡಲು ಕೂಡಲಿ. ಕೆಲಸ ಕೊಡಬಲ್ಲವರು ಮತ್ತು ಕೆಲಸ ಬೇಕಾದವರು ಒಬ್ಬರನ್ನೊಬ್ಬರು ಕಾಣುವಂತಾಗಲಿ. ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ರೋಗಿಗಳ ಜೊತೆ ನಿರುದ್ಯೋಗಿಗಳಿಗೂ ಒಂದು ಬೇಡಿಕೆ ಇರಲಿ.

ಜಗದ್ಗುರು ಹನ್ನೆರಡನೇ ಪಿಯುಸ್ 1955ರಲ್ಲಿ ಮೇ 1ನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವಾಗಿ ಸಾರಿದರು. ಆ ಬಡಗಿಯೂ ಕೂಸನ್ನೂ ತಾಯಿಯನ್ನೂ ಕರೆದುಕೊಂಡು ರಾತ್ರೋರಾತ್ರಿ ಈಜಿಪ್ಟಿಗೆ ಹೊರಟಾಗ ನಜರೇತಿನ ಗಿರಾಕಿಗಳಾರೂ ಜೊತೆಗೆ ಬರಲಿಲ್ಲ. ಪರದೇಶದಲ್ಲಿ ಯಾರ ಬಾಗಿಲು ಬಡಿದು ಮೊದಲ ಕೆಲಸ ಕೇಳಿದರೋ, ಶುಭಸಂದೇಶ ಹೇಳುವುದಿಲ್ಲ. ಆದರೆ ಯಾರೋ ಒಬ್ಬರು ಬಾಗಿಲು ತೆರೆದಿರಲೇಬೇಕು. ದೇವಪುತ್ರನಿಗೆ ಅನ್ನ ಸಿಕ್ಕಿದ್ದು ಆ ಹೆಸರಿಲ್ಲದ ಮನೆಯವರಿಂದ.

ಪ್ರಿಯ ಓದುಗರೇ, ನಿಮ್ಮ ಓಣಿಯಲ್ಲಿ ಅಂಥ ಒಂದು ಮನೆ ಇದ್ದೇ ಇದೆ. ಈ ಭಾನುವಾರ ಪೂಜೆ ಮುಗಿಸಿ ಮನೆಗೆ ಹೋಗುವಾಗ ಆ ದಾರಿಯಾಗಿ ಹೋಗಿರಿ. ಸಂತ ಜೋಸೆಫರು ನಮಗಾಗಿ ಪ್ರಾರ್ಥಿಸಲಿ. ದುಡಿಯುವ ಕೈಗಳನ್ನೂ, ದುಡಿಮೆಗಾಗಿ ಕಾದಿರುವ ಕೈಗಳನ್ನೂ ಪ್ರಭು ಆಶೀರ್ವದಿಸಲಿ. ಆಮೆನ್.